130 ಲೀಟರ್ ಬೋರ್ಡ್ ಯಾಕೆ ಮುಳುಗುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು

14 ಕೆಜಿ!

ಅಡಿಕೆ ತೂಗುವ ಯಂತ್ರದ ಮೇಲೆ ನನ್ನ ವಿಂಡ್‌ಸರ್ಫಿಂಗ್ ಬೋರ್ಡ್ (ಹಾಯಿ ಕಟ್ಟಿ, ಮೇಲೆ ನಿಂತು ಓಡಿಸುವ ಹಲಗೆ) ಇಟ್ಟಾಗ ಬಂದ ಸಂಖ್ಯೆ ಅದು. ಭಾವ ಎರಡು ಸಲ ಇಳಿಸಿ ಮತ್ತೆ ಇಟ್ಟರು. "ಇದು ಹದಿನಾಲ್ಕೇ ತೋರಿಸ್ತಾ ಉಂಟು" ಅಂದರು. ಈ ಬೋರ್ಡ್ ಹೊಸದಾಗಿದ್ದಾಗ ಎಂಟೂವರೆ ಕೆಜಿ. ಹಾಗಾದರೆ ಉಳಿದ ಐದೂವರೆ ಕೆಜಿ ಏನು? ನೀರು. ಮೂರು ತಿಂಗಳಿಂದ ನಾನು ಕಾಸರಗೋಡು ಜಿಲ್ಲೆಯ ಶಿರಿಯ ಹೊಳೆಯಲ್ಲಿ ಹೊಳೆಯ ನೀರನ್ನೇ ತುಂಬಿಕೊಂಡು ಓಡಾಡುತ್ತಿದ್ದೆ.

ಹಿಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನನ್ನ ತೂಕ 86 ಕೆಜಿ. ಬಾಡಿಗೆಯ ದೊಡ್ಡ ಬೋರ್ಡ್‌ಗಳಲ್ಲಿ ಕಲಿತಾಗಿದೆ. ಅಪ್‌ಹಾಲ್ (ಬೋರ್ಡ್ ಮೇಲೆ ನಿಂತು, ನೀರಿಗೆ ಬಿದ್ದ ಹಾಯಿಯನ್ನು ಹಗ್ಗದಿಂದ ಎಳೆದು ಎತ್ತುವುದು), ಗಾಳಿಗೆ ಎದುರಾಗಿ ತಿರುಗುವ ಟ್ಯಾಕ್, ಗಾಳಿಗೆ ಬೆನ್ನಾಗಿ ತಿರುಗುವ ಜೈಬ್ ಬರುತ್ತವೆ, ಹಾಯಿಗೆ ಕೊಕ್ಕೆ ಹಾಕುವ ಸೊಂಟಪಟ್ಟಿ ಹಾರ್ನೆಸ್‌ನಲ್ಲಿ ನೇತಾಡಿ ಪ್ಲೇನಿಂಗ್ (ಬೋರ್ಡ್ ನೀರಿನ ಮೇಲೆ ಎದ್ದು ಜಾರುವ ವೇಗದ ಓಟ) ಮಾಡಿದ್ದೂ ಉಂಟು. ನೀರಿನಲ್ಲಿದ್ದುಕೊಂಡೇ ಹಾಯಿಯ ಎಳೆತಕ್ಕೆ ಬೋರ್ಡ್ ಮೇಲೆ ಏಳುವ ವಾಟರ್‌ಸ್ಟಾರ್ಟ್ ಮಾತ್ರ ಹತ್ತಕ್ಕೆ ನಾಲ್ಕು ಸಲ. ಹೋದ ಅಕ್ಟೋಬರ್‌ನಲ್ಲಿ ಗೋವಾ ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಫ್ರೀರೈಡ್ (ಸಾಮಾನ್ಯ ಓಡಾಟದ) ಬೋರ್ಡ್ ತರಿಸಿದೆ. ಮೇಲೆ ಗಾತ್ರ 130 ಲೀಟರ್ ಅಂತ ಅಚ್ಚು, ಅಗಲ 75 ಸೆಂ.ಮೀ. ಮಾರಿದವರು ಹತ್ತು ಫೋಟೋ ಕಳಿಸಿದ್ದರು. ಹತ್ತೂ ಮೇಲ್ಭಾಗದ್ದು. ಅಡಿಭಾಗದ ಫಿನ್ ಬಾಕ್ಸ್‌ನ (ಫಿನ್ ಅನ್ನುವ ರೆಕ್ಕೆ ಕೂರುವ ಗೂಡು) ಫೋಟೋ ಕೇಳಿದ್ದಕ್ಕೆ "ಎಲ್ಲಾ ಸರಿ ಇದೆ" ಅಂತ ಉತ್ತರ ಬಂತು. ಪಾರ್ಸೆಲ್ ಲಾರಿಯಲ್ಲಿ ಅದು ಕುಂಬಳೆಗೆ ಬಂದು ಇಳಿದಾಗ ರಟ್ಟಿನೊಳಗೆ ಹಳೇ ಚಾಪೆ ಸುತ್ತಿತ್ತು. ಬಿಲ್ಲೂ ಇಲ್ಲ, ವೆಂಟ್ ಸ್ಕ್ರೂವಿನ (ಬೋರ್ಡಿನ ಒಳಗಿನ ಗಾಳಿ ಬಿಡುವ ತೂತಿನ ತಿರುಪು) ರಬ್ಬರ್ ರಿಂಗೂ ಇಲ್ಲ.

ನಾನು ಹಾಕಿದ್ದ ಲೆಕ್ಕ ಸರಿಯಾಗಿಯೇ ಇತ್ತು. ಸಿಹಿನೀರಿನಲ್ಲಿ 1 ಲೀಟರ್ ಗಾತ್ರ 1 ಕೆಜಿಯನ್ನು ತೇಲಿಸುತ್ತದೆ. ಒದ್ದೆ ಹಾರ್ನೆಸ್, ಲೈಫ್ ಜಾಕೆಟ್ ಸೇರಿ ನಾನು 90 ಕೆಜಿ. 7.5 ಚದರ ಮೀಟರ್ ಸೇಲ್ (ಹಾಯಿ), ಅದರ ಕಂಬ ಮಾಸ್ಟ್, ಹಿಡಿಕೆ ಬೂಮ್ ಎಲ್ಲಾ ಸೇರಿದ ರಿಗ್ 10. ಬೋರ್ಡ್ ಎಂಟೂವರೆ. ಒಟ್ಟು 108.5. 130ರಲ್ಲಿ ಅದನ್ನು ಕಳೆದರೆ 21 ಲೀಟರ್ ಚಿಲ್ಲರೆ ಉಳಿಯುತ್ತದೆ. ಈ ಉಳಿಕೆಯನ್ನು ನಾನು ಮಿಗತೆ ಅಂತ ಕರೆಯುತ್ತೇನೆ. ಅಪ್‌ಹಾಲ್ ಮಾಡುವವನಿಗೆ 21 ಧಾರಾಳ ಅಲ್ಲ, ಆದರೆ ಅಭ್ಯಾಸ ಇದ್ದವನಿಗೆ ಸಾಕು ಅಂದುಕೊಂಡೆ.

ಹೊಳೆಯಲ್ಲಿ ಆದದ್ದೇ ಬೇರೆ. ನಿಂತ ಕೂಡಲೇ ಪಾದ ನೀರಿನಡಿ. ಸೇಲ್ ಎಳೆಯಲು ಶುರು ಮಾಡಿದರೆ ಹಿಂಭಾಗ ಕುಸಿಯುತ್ತದೆ, ಮೂಗು ಮೇಲೆದ್ದು ಗಾಳಿಗೆ ತಿರುಗುತ್ತದೆ, ನಾನು ಹಿಂದಕ್ಕೆ ಬೀಳುತ್ತೇನೆ. ಸೇಲ್ ಮೇಲೆ ನಿಂತ ನೀರಿನ ಭಾರವೂ ಆ ಗಳಿಗೆಯಲ್ಲಿ ಬೋರ್ಡ್ ಮೇಲೆಯೇ ಬರುತ್ತದಲ್ವಾ? ಮಿಗತೆ ಕಡಿಮೆ ಇದ್ದರೆ ಅದು ಅಲ್ಲಿಗೇ ಮುಗಿಯಿತು. ಒಂದು ಮಧ್ಯಾಹ್ನ ಲೆಕ್ಕ ಇಟ್ಟೆ. ಇಪ್ಪತ್ತಾರು ಅಪ್‌ಹಾಲ್, ಅದರಲ್ಲಿ ಹನ್ನೊಂದು ಮಾತ್ರ ನಿಂತವು. ಸಂಜೆ ಸೊಂಟ ನೆಟ್ಟಗಾಗಲಿಲ್ಲ.

ಅದೇ ದಿನ ಅಕ್ಕನ ಮಗ ಅದೇ ಬೋರ್ಡ್ ತೆಗೆದುಕೊಂಡು ಹೋದ. ಅವನ ತೂಕ 54 ಕೆಜಿ. 5.5ರ ಸೇಲ್ ಹಾಕಿಕೊಂಡು, ಕಾಲು ಒದ್ದೆಯಾಗದೆ, ಹೊಳೆಯ ಆ ದಡಕ್ಕೆ ಹೋಗಿ ಬಂದ. "ಮಾವ, ಚಂದ ಉಂಟು ಬೋರ್ಡ್" ಅಂದ. ಅವನು ಅಷ್ಟು ಆರಾಮಾಗಿ ನಿಂತದ್ದನ್ನು ನೋಡಿ ಖುಷಿಯಾಯಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. 90 ಕೆಜಿಯವನಿಗೂ ಈ ಬೋರ್ಡ್ ಇಷ್ಟು ಕೆಟ್ಟದಾಗಿ ನಡೆದುಕೊಳ್ಳಬಾರದಿತ್ತು.

ಸುಳಿವು ಕೊಟ್ಟವರು ದಡದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು. ಪಾತಿ ದೋಣಿಯಲ್ಲೇ ಬೆಳೆದವರು. ಸ್ವಲ್ಪ ಹೊತ್ತು ನೋಡಿ, "ಮಾರಾಯ್ರೆ, ನೀವು ಇಳಿದ ಮೇಲೂ ನಿಮ್ಮ ಹಲಗೆ ಹಿಂದಕ್ಕೆ ಕೂತಿರ್ತದಲ್ಲ. ಹಿಂದೆ ಭಾರ ಉಂಟು ಅದಕ್ಕೆ" ಅಂದರು. ಹೌದು! ಯಾರೂ ಹತ್ತದೆ ಖಾಲಿ ತೇಲುವಾಗಲೂ ಹಿಂಭಾಗ ಎರಡು ಬೆರಳು ಕೆಳಗೆ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಮನೆಗೆ ಬಂದವನೇ ಭಾವನಿಗೆ ಫೋನ್ ಮಾಡಿ, ಅಡಿಕೆ ತೂಗುವ ಯಂತ್ರ ತರಲು ಹೇಳಿದೆ. ಉಳಿದದ್ದು ಮೇಲೆ ಓದಿದ್ದೀರಿ.

ತೂಕ ಸಿಕ್ಕಿತು. ಇನ್ನು ಆ 130 ನಿಜವೇ ಅಂತ ನೋಡಬೇಕಲ್ಲ? ಅಚ್ಚಿನ ಸಂಖ್ಯೆಗೂ ನಿಜಕ್ಕೂ ಕೆಲವು ಲೀಟರ್ ವ್ಯತ್ಯಾಸ ಇರುವುದು ಹೊಸ ಸಂಗತಿ ಅಲ್ಲ. ತೋಟದ ಕೆರೆಗೆ ಬೋರ್ಡ್ ಇಳಿಸಿದೆವು. ಮರಳಿನ ಚೀಲಗಳನ್ನು ತೂಗಿ, ಇಪ್ಪತ್ತು ಕೆಜಿಯ ಐದು, ಹತ್ತರದ್ದು ಒಂದು, ಮಾಸ್ಟ್ ಟ್ರ್ಯಾಕ್‌ನ (ಮಾಸ್ಟ್ ಕೂರುವ ಸೀಳು) ಆಚೀಚೆ ನಿಧಾನವಾಗಿ ಹೇರಿದೆವು. ಮೇಲ್ಮೈ ನೀರಿಗೆ ಸಮ ಆದಾಗ ನಿಲ್ಲಿಸಿದೆವು. ಮರಳು 110 ಕೆಜಿ, ಬೋರ್ಡ್ 14, ಒಟ್ಟು 124. ಆ ಮೇಲ್ಮೈ ಉಬ್ಬಿರುವುದರಿಂದ ಎರಡು ಮೂರು ಲೀಟರ್ ಆಚೀಚೆ ಆಗಬಹುದು. ಆದರೂ 130 ಅಂತೂ ಅಲ್ಲ. ಇದನ್ನು ಮಾಡುವವರು ಒಂದು ನೆನಪಿಡಿ, ಚೀಲ ನೀರಿನಿಂದ ಮೇಲೆಯೇ ಇರಬೇಕು. ನೀರಿಗೆ ಮುಳುಗಿದ ಮರಳು ಹಗುರಾಗುತ್ತದೆ, ಲೆಕ್ಕ ತಪ್ಪುತ್ತದೆ.

ಈಗ ಮತ್ತೆ ಕಳೆಯಿರಿ. 124ರಲ್ಲಿ ನಾನು 90, ರಿಗ್ 10, ಬೋರ್ಡ್ 14. ಮಿಗತೆ ಬರೀ 10 ಲೀಟರ್! ನಾನು ಅಂದುಕೊಂಡದ್ದರ ಅರ್ಧವೂ ಇಲ್ಲ. ಮೇಲಾಗಿ ನವೆಂಬರ್‌ನಲ್ಲಿ ಹೊಳೆಯ ನೀರು ಇನ್ನೂ ಹೆಚ್ಚುಕಡಿಮೆ ಸಿಹಿ. ಕಡಲಿನ ಉಪ್ಪುನೀರು ಸುಮಾರು ಎರಡೂವರೆ ಶೇಕಡಾ ಜಾಸ್ತಿ ಎತ್ತುತ್ತದೆ, ಅಂದರೆ ಈ ಬೋರ್ಡ್‌ಗೆ ಮೂರು ಕೆಜಿ. ಆ ಮೂರೂ ನನಗೆ ಸಿಕ್ಕಿರಲಿಲ್ಲ.

ನೀರು ಹೊಕ್ಕ ಜಾಗ ಹುಡುಕಿದ್ದು ಹೀಗೆ. ವೆಂಟ್ ಸ್ಕ್ರೂಗೆ ಹೊಸ ರಿಂಗ್ ಹಾಕಿ ಬಿಗಿ ಮಾಡಿ, ಬೆಳಗಿನ ಎಳೆ ಬಿಸಿಲಿಗೆ ಇಪ್ಪತ್ತು ನಿಮಿಷ ಇಟ್ಟೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಸಂಶಯ ಇದ್ದ ಕಡೆಯೆಲ್ಲಾ ಸೋಪಿನ ನೀರು ಹಚ್ಚಿದೆ. ಮಾಸ್ಟ್ ಟ್ರ್ಯಾಕ್ ಸರಿ. ಕಾಲು ಸಿಕ್ಕಿಸುವ ಸ್ಟ್ರಾಪ್‌ಗಳ ಸ್ಕ್ರೂಗಳೂ ಸರಿ. ಫಿನ್ ಬಾಕ್ಸ್‌ನ ಹಿಂದಿನ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಕೂದಲಿನಷ್ಟು ಬಿರುಕು, ಅದರ ಮೇಲೆ ಬಿಳಿ ಪೇಂಟ್ ಬಳಿದಿದ್ದಾರೆ. ಯಾವಾಗಲೋ ಉದ್ದ ಫಿನ್ ನೆಲಕ್ಕೆ ಬಡಿದು ಬಾಕ್ಸ್ ಅಲುಗಿದೆ, ಆಮೇಲೆ ಅದನ್ನು ಮುಚ್ಚಿ ಮಾರಿದ್ದಾರೆ. ಗೊತ್ತಿದ್ದೂ ಹೀಗೆ ಮಾಡಿದ್ದಾರೆ ಅನ್ನುವುದೇ ನನಗೆ ಬೇಸರ. ಬಿರುಕು ಉಂಟು ಅಂತ ಹೇಳಿದ್ದರೂ ನಾನು ಕೊಳ್ಳುತ್ತಿದ್ದೆ, ದರ ಸ್ವಲ್ಪ ಇಳಿಸಿ ಕೇಳುತ್ತಿದ್ದೆ ಅಷ್ಟೆ. ಕಂಪ್ರೆಸರ್ ಗಾಳಿ ಹೊಡೆದು ಪರೀಕ್ಷೆ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ಮೇಲಿನ ಪದರ ಒಳಗಿನ ಥರ್ಮೋಕೋಲ್‌ನಿಂದ ಬಿಟ್ಟು ಬಂದರೆ ಆ ಬೋರ್ಡ್ ಮುಗಿಯಿತು.

ಒಣಗಿಸುವ ಕೆಲಸಕ್ಕೆ ಐದು ವಾರ ಬೇಕಾಯಿತು. ಬಿರುಕಿನ ಬಳಿ ಎರಡು ಸಣ್ಣ ತೂತು ಕೊರೆದು, ಹಿಂಭಾಗ ಕೆಳಗೆ ಮಾಡಿ ನಿಲ್ಲಿಸಿದೆ. ಮೊದಲ ರಾತ್ರಿಯೇ ಕೆಳಗಿಟ್ಟ ಬಕೆಟ್‌ನಲ್ಲಿ ಎರಡು ಲೀಟರ್ ನೀರು! ಆಮೇಲೆ ನಿಂತುಹೋಯಿತು. ಉಳಿದದ್ದು ಥರ್ಮೋಕೋಲ್ ಕಾಳುಗಳ ಸಂದಿಯಲ್ಲಿ ಕೂತಿರುತ್ತದೆ, ಸುಲಭವಾಗಿ ಬರುವುದಿಲ್ಲ. ಹಳೇ ಫ್ರಿಜ್ಜಿನ ಕಂಪ್ರೆಸರ್ ಒಂದನ್ನು ಮೆಕ್ಯಾನಿಕ್‌ನಿಂದ ತಂದು, ವೆಂಟ್‌ಗೆ ಪೈಪ್ ಸಿಕ್ಕಿಸಿ ದಿನಕ್ಕೆ ಒಂದು ಗಂಟೆ ಮೆಲ್ಲಗೆ ಹೀರಿಸಿದೆ. ಹಗಲಿಡೀ ಬೋರ್ಡ್ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನ ಬಾಗಿಲ ಬಳಿ ಇರುತ್ತಿತ್ತು. ಗೂಡಿನ ನಡುವೆ ಸೆಕೆ ಜಾಸ್ತಿ, ಅಲ್ಲಿಟ್ಟರೆ ಪದರ ಬಿಡುವ ಭಯ. ಅದಕ್ಕೇ ಥರ್ಮಾಮೀಟರ್ ನೇತುಹಾಕಿ 40 ಡಿಗ್ರಿ ದಾಟದ ಹಾಗೆ ನೋಡಿಕೊಂಡೆ. ಅಮ್ಮ ಪ್ರತಿ ದಿನ ಅಡಿಕೆ ತಿರುವಿ ಹಾಕುವಾಗ ಬೋರ್ಡನ್ನೂ ತಿರುವಿ ಹಾಕುತ್ತಿದ್ದರು. 14 ಇದ್ದದ್ದು 12, ಆಮೇಲೆ 10.6, ಈಗ 9.4. ವಾರ ವಾರ ತೂಕ ಇಳಿಯುವುದನ್ನು ಬರೆದಿಡುವುದರಲ್ಲಿ ಎಷ್ಟು ಖುಷಿ ಇತ್ತು ಅಂದರೆ, ಮನೆಯವರೂ ಬಂದು ಸಂಖ್ಯೆ ಕೇಳುತ್ತಿದ್ದರು.

ಬಿರುಕು ಮುಚ್ಚಲು ತರಿಸಿದ ರೆಸಿನ್ (ಗಟ್ಟಿಯಾಗುವ ಅಂಟು) ವಿಷಯ ಮಾತ್ರ ಹೇಳಲೇಬೇಕು. ಎಪಾಕ್ಸಿ ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಮಾಡಿದ್ದೆ. ಬಂದ ಡಬ್ಬಿ ತೆರೆದ ಕೂಡಲೇ ದೋಣಿ ರಿಪೇರಿ ಶೆಡ್ಡಿನ ವಾಸನೆ. ಅದನ್ನು ಗಟ್ಟಿ ಮಾಡಲು ಜೊತೆಗೆ ಕೊಟ್ಟ ಹಾರ್ಡನರ್ ಮೂರು ಚಮಚದಷ್ಟು. ಎಪಾಕ್ಸಿಗೆ ಅಷ್ಟು ಕಡಿಮೆ ಹಾರ್ಡನರ್ ಇರುವುದಿಲ್ಲ. ಸಂಶಯ ಬಂದು ಒಂದು ತುಂಡು ಥರ್ಮೋಕೋಲ್ ಮೇಲೆ ಹನಿ ಬಿಟ್ಟೆ. ಕಣ್ಣೆದುರೇ ಕರಗಿ ಗುಂಡಿ ಬಿತ್ತು. ಅದು ಪಾಲಿಯೆಸ್ಟರ್ ರೆಸಿನ್. ಅದರೊಳಗಿನ ಸ್ಟೈರೀನ್ ಥರ್ಮೋಕೋಲನ್ನು ತಿಂದು ಹಾಕುತ್ತದೆ. ಫೈಬರ್ ದೋಣಿಗೆ ಅದು ಒಳ್ಳೆಯದೇ, ನಮ್ಮ ಬೋರ್ಡಿಗೆ ವಿಷ. ಫೋನ್ ಮಾಡಿದರೆ "ಎರಡೂ ಒಂದೇ ಸರ್" ಅಂದರು. ಒಂದೇ ಅಲ್ಲ! ಹೊಸ ರೆಸಿನ್ ಬಂದಾಗ ಮೊದಲು ಥರ್ಮೋಕೋಲ್ ತುಂಡಿನ ಮೇಲೆ ಹನಿ ಬಿಟ್ಟು ನೋಡಿ.

ಥರ್ಮೋಕೋಲ್ ಮಾತು ಬಂದದ್ದರಿಂದ ಮುಂದಿನ ಕೆಲಸದ ಬಗ್ಗೆ ಹೇಳದೆ ಇರಲಾರೆ. 12 ಅಡಿ ಉದ್ದದ, ಡ್ಯಾಗರ್‌ಬೋರ್ಡ್ (ಪಕ್ಕಕ್ಕೆ ಜಾರದ ಹಾಗೆ ನಡುವಿನಿಂದ ನೀರಿಗೆ ಇಳಿಸುವ ಹಲಗೆ) ಇರುವ ಹಳೇ ಮಾದರಿಯ ಬೋರ್ಡ್ ಒಂದನ್ನು ನಾನೇ ಕಟ್ಟಬೇಕು ಅಂತ ಆಸೆ. ಕ್ಯಾಲಿಫೋರ್ನಿಯಾದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1970ರಲ್ಲಿ ವಿಂಡ್‌ಸರ್ಫಿಂಗ್ ಬೋರ್ಡಿಗೆ ಪೇಟೆಂಟ್ ಪಡೆದ ಕಾಲದ ಬೋರ್ಡ್‌ಗಳು ಅಷ್ಟು ಉದ್ದ ಇದ್ದವು. ಆ ಪೇಟೆಂಟ್ ಮುಂದೆ ಬ್ರಿಟನ್ನಿನ ಕೋರ್ಟಿನಲ್ಲಿ ಬಿದ್ದುಹೋಯಿತು. ಯಾಕೆ ಗೊತ್ತಾ? ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ 1958ರಲ್ಲೇ ಹೇಲಿಂಗ್ ದ್ವೀಪದಲ್ಲಿ ಹಲಗೆಗೆ ಹಾಯಿ ಕಟ್ಟಿ ಓಡಿಸಿದ್ದ. ಹನ್ನೆರಡು ವರ್ಷದವನು ಕಟ್ಟಿದ್ದನ್ನು ನಾವು ಕಟ್ಟಲಾರೆವೇ? ನಕ್ಷೆ ಶುರುವಾಗಿದೆ. ಡ್ಯಾಗರ್‌ಬೋರ್ಡ್‌ನ ಪೆಟ್ಟಿಗೆಯನ್ನು ಹಲಸಿನ ಮರದಲ್ಲಿ ಮಾಡಬೇಕು ಅಂತಿದ್ದೇನೆ. ಇರಲಿ, ಅದು ಮಳೆಗಾಲದ ಕೆಲಸ.

ಈಗ ಮುಖ್ಯ ಪ್ರಶ್ನೆ. ಬೋರ್ಡ್ ಒಣಗಿ 9.4ಕ್ಕೆ ಬಂತು, ಮಿಗತೆ 14.6 ಆಯಿತು. ನನಗೆ ಇಷ್ಟು ಸಾಕಾ? ಸಾಲದು. ಎಷ್ಟು ಬೇಕು ಅಂತ ತಿಂಗಳುಗಟ್ಟಲೆ ಯೋಚಿಸಿದೆ. "ತೂಕಕ್ಕೆ ಇಷ್ಟು ಲೀಟರ್ ಸೇರಿಸಿ" ಅನ್ನುವ ಸೂತ್ರಗಳು ಒಬ್ಬೊಬ್ಬರದು ಒಂದೊಂದು. ಕೊನೆಗೆ ಉತ್ತರ ಸಿಕ್ಕಿದ್ದು ಅಕ್ಕನ ಮಗನ ಲೆಕ್ಕದಲ್ಲಿ. ಅವನು ಅವತ್ತು ಒದ್ದೆ ಬಟ್ಟೆ ಸೇರಿ 57, ಅವನ ರಿಗ್ 8, ನೀರು ಕುಡಿದ ಬೋರ್ಡ್ 14. 124ರಲ್ಲಿ ಕಳೆದರೆ 45. ಅವನ ಕಾಲು ಒಣಗಿದ್ದದ್ದು ಆ 45ರಿಂದ! ನನಗೂ ಅದೇ 45 ಬೇಕು ಅಂತಾದರೆ? 90 ಮತ್ತು 10, ಅಗಲ ಬೋರ್ಡಿನ ತೂಕ 13 ಅಂತ ಇಡಿ, 45 ಸೇರಿಸಿ. 158. ಅಂದರೆ 160 ಲೀಟರಿನ ಬೋರ್ಡ್.

ಅಗಲವನ್ನೂ ನೋಡಬೇಕು. ಲೀಟರ್ ತೇಲಿಸುತ್ತದೆ, ಆದರೆ ಆಚೀಚೆ ವಾಲದ ಹಾಗೆ ಹಿಡಿಯುವುದು ಅಗಲ. ಒಂದೇ ಲೀಟರಿನ ಎರಡು ಬೋರ್ಡ್‌ಗಳಲ್ಲಿ 75 ಸೆಂ.ಮೀ. ಅಗಲದ್ದು ಒಂದು ಥರ ನಡೆದುಕೊಳ್ಳುತ್ತದೆ, 85ರದ್ದು ಇನ್ನೊಂದು ಥರ. ನಾನು 85ಕ್ಕೇ ಹೋಗುತ್ತಿದ್ದೇನೆ.

"ಗಾಳಿ ಜೋರಾದರೆ 160 ಹಿಡಿತಕ್ಕೆ ಸಿಗದು, ಕುಣಿಯುತ್ತದೆ" ಅಂತ ಗೆಳೆಯರು ಹೇಳುತ್ತಾರೆ. ನಿಜ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿಗೆ ಅದು ದೊಡ್ಡದೇ. ಆದರೆ ಕುಂಬಳೆ ಅಳಿವೆಯಲ್ಲಿ ನಾನು ಇಳಿಯುವ ದಿನಗಳ ಗಾಳಿ ಎಷ್ಟು? ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ, ಹೆಚ್ಚಿನ ದಿನ 10ರಿಂದ 14 ನಾಟ್. ಮಾರ್ಚ್ ಏಪ್ರಿಲ್‌ನಲ್ಲಿ ಇನ್ನಷ್ಟು ಒಳ್ಳೆಯದಿರುತ್ತದೆ. ಜೂನ್‌ನಿಂದ ಕಡಲಿಗೆ ಇಳಿಯುವ ಮಾತೇ ಇಲ್ಲ. ತೂಕವನ್ನು 1.35ರಿಂದ ಗುಣಿಸಿ ನಾಟ್‌ನಿಂದ ಭಾಗಿಸಿದರೆ ಪ್ಲೇನಿಂಗ್‌ಗೆ ಬೇಕಾದ ಸೇಲ್ ಚದರ ಮೀಟರ್‌ನಲ್ಲಿ ಸುಮಾರಾಗಿ ಸಿಗುತ್ತದಲ್ಲ, ನನಗೆ 15 ನಾಟ್‌ಗೆ 7.7, 12 ನಾಟ್‌ಗೆ 9.7. ನನ್ನ ಹತ್ತಿರ ಇರುವುದು 7.5. ಹಾಗಾಗಿ ಹೆಚ್ಚಿನ ದಿನ ಪ್ಲೇನಿಂಗ್ ಇಲ್ಲ, ಸುಮ್ನೆ ನೀರು ಸೀಳಿಕೊಂಡು ಹೋಗುವುದೇ. ಆ ಓಟಕ್ಕೆ ಲೀಟರ್ ಬೇಕು, ಡ್ಯಾಗರ್‌ಬೋರ್ಡ್ ಬೇಕು.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. ಜನವರಿಯಲ್ಲಿ ಒಂದು ಸಂಜೆ ಈ ಬೋರ್ಡ್ ಒಣಗುತ್ತಿದ್ದಾಗ ಗೆಳೆಯನ ಚಿಕ್ಕ ಬೋರ್ಡ್ ತೆಗೆದುಕೊಂಡು ಹೋಗಿದ್ದೆ. ಐದು ಗಂಟೆಗೆ ಗಾಳಿ ಸತ್ತಿತು. ಇಳಿತ ಶುರುವಾಗಿ ನೀರು ಅಳಿವೆಯ ಬಾಯಿಯತ್ತ ಎಳೆಯುತ್ತಿತ್ತು. ಬೋರ್ಡ್ ನನ್ನನ್ನು ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಸೇಲ್ ಬಿಚ್ಚಿ ಸುತ್ತಿ, ಅದರ ಮೇಲೆ ಮಲಗಿ ಕೈಯಲ್ಲಿ ಹುಟ್ಟು ಹಾಕಿದೆ. ಮರುವಾಯಿ (ಚಿಪ್ಪು) ಹೆಕ್ಕುತ್ತಿದ್ದ ಇಬ್ಬರು ದೋಣಿ ತಂದು ಹಗ್ಗ ಕೊಟ್ಟರು. ಅವರು ಇಲ್ಲದಿದ್ದರೆ ಅವತ್ತು ಕತ್ತಲಾಗುತ್ತಿತ್ತು. ಅಂದಿನಿಂದ ನಾನು ಲೀಟರ್ ಎಣಿಸುವುದು ಐದು ಗಂಟೆಯ ಗಾಳಿಗೆ, ಮೂರು ಗಂಟೆಯ ಗಾಳಿಗೆ ಅಲ್ಲ. ಗಾಳಿ 6 ನಾಟ್‌ಗೆ ಇಳಿದರೂ ನಿಂತುಕೊಂಡೇ ಮನೆ ಸೇರುವ ಬೋರ್ಡ್ ನನಗೆ ಬೇಕು.

ಈ ವಾರದ ಸ್ಥಿತಿ: ಸರಿಯಾದ ಎಪಾಕ್ಸಿ ಬೇರೆ ಕಡೆಯಿಂದ ಬಂತು, ಹನಿ ಪರೀಕ್ಷೆ ಪಾಸ್. ಫಿನ್ ಬಾಕ್ಸ್ ಸುತ್ತ ಎರಡು ಪದರ ಫೈಬರ್‌ಗ್ಲಾಸ್ ಬಟ್ಟೆ ಹಾಕಿಯಾಗಿದೆ, ನಾಳೆ ಉಜ್ಜುವುದು. ಮರಳು ದಿಣ್ಣೆಗೆ ಮತ್ತೆ ಬಡಿಯದ ಹಾಗೆ 46 ಸೆಂ.ಮೀ. ಫಿನ್ ತೆಗೆದು 34ರದ್ದು ಹಾಕಿ, ಈ ಬೋರ್ಡನ್ನು ಅಕ್ಕನ ಮಗನಿಗೆ ಕೊಡುತ್ತಿದ್ದೇನೆ. ಅವನ ತೂಕಕ್ಕೆ, ಸೇಲ್‌ಗೆ ಅಷ್ಟು ಫಿನ್ ಸಾಕು. 160ರ ಒಂದು ಬೋರ್ಡ್ ಮಾರಾಟಕ್ಕಿದೆ ಅಂತ ಗೊತ್ತಾಗಿದೆ. ಭಾನುವಾರ ಭಾವನ ಜೀಪಿನಲ್ಲಿ ನೋಡಲು ಹೊರಡುತ್ತೇವೆ. ತೂಗುವ ಯಂತ್ರ ಈಗಲೇ ಜೀಪಿನ ಹಿಂದೆ ಇಟ್ಟಾಗಿದೆ, ಜೊತೆಗೆ ಒಂದು ಬಾಟಲಿ ಸೋಪಿನ ನೀರು.