ಹೊಸ ಟ್ರೇಲರ್, ಬಿಟ್ಟ ವೆಲ್ಡಿಂಗ್ ಮತ್ತು ‘ಓವರ್‌ಲೋಡ್ ಮಾಡೀರಿ’ ಅನ್ನೋ ಉತ್ತರ

ಟ್ರ್ಯಾಕ್ಟರಿಗೆ ಕೊಂಡ ಹೊಸ ಟ್ರೇಲರ್ ಕೊಂಡಿಯ ಹತ್ತಿರ ಬಿರುಕು ಬಿಟ್ಟಿದೆ ಅಂತ ತಯಾರಕರ ಶೆಡ್ಡಿಗೆ ಹೋದರೆ ಸಿಗುವ ಉತ್ತರ ಒಂದೇ: ‘ಓವರ್‌ಲೋಡ್ ಮಾಡೀರಿ.’ ಕಬ್ಬು ಹೇರಿರಲಿ, ಗೋವಿನಜೋಳ ಹೇರಿರಲಿ, ಉತ್ತರ ಬದಲಾಗುವುದಿಲ್ಲ. ಇದಕ್ಕೆ ಎದುರುತ್ತರ ಬೇಕಿದ್ದರೆ ಮೊದಲ ಹೇರಿಗೆ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಬೇಕು.

ಖಾಲಿ ಟ್ರೇಲರನ್ನು ಮನೆಗೆ ತರುವ ದಾರಿಯಲ್ಲೇ ವೇ ಬ್ರಿಜ್‌ಗೆ ಹತ್ತಿಸಿ, ಟ್ರ್ಯಾಕ್ಟರ್ ಬಿಚ್ಚಿ, ಚೀಟಿ ತಗೊಳ್ಳಿ. ಹೇಳಿದ್ದಕ್ಕಿಂತ ತೆಳು ತಗಡು ಹಾಕಿದ್ದರೆ ಇಲ್ಲೇ ಗೊತ್ತಾಗುತ್ತದೆ. ಉಕ್ಕಿನ ತಗಡು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 10 ಅಡಿ ಉದ್ದ, 6 ಅಡಿ ಅಗಲದ ತಳದಲ್ಲಿ 4 ಮಿ.ಮೀ. ಅಂತ ಹೇಳಿ 3 ಹಾಕಿದ್ದರೆ ಸುಮಾರು 44 ಕೆ.ಜಿ. ಕಡಿಮೆ ಬರುತ್ತದೆ. ಕೊಟೇಶನ್ನಿನಲ್ಲಿ ದಪ್ಪ ಬರೆಸಿಕೊಂಡಿದ್ದರೆ ಮಾತ್ರ ಈ ಲೆಕ್ಕಕ್ಕೆ ಬೆಲೆ.

ಆಮೇಲೆ ಟೇಪು. ಎರಡು ಗಾಲಿಯ ಟ್ರೇಲರ್ ಆದರೆ ಕೊಂಡಿಯ ಕಣ್ಣಿನ ನಡುವಿನಿಂದ ಆಕ್ಸಲ್‌ನ (ಗಾಲಿಗಳ ಅಚ್ಚಿನ) ಎಡ ತುದಿಗೆ, ಬಲ ತುದಿಗೆ ಅಳೆಯಿರಿ. ಎರಡೂ ಅಳತೆಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಟ್ರೇಲರ್ ಓರೆಯಾಗಿ ಎಳೆಯುತ್ತದೆ. ಎರೆ ಹೊಲದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಗದಗ ರಸ್ತೆಯ ಡಾಂಬರಿನ ಮೇಲೆ ಟಯರ್ ಒಂದೇ ಕಡೆ ಸವೆಯತೊಡಗಿದಾಗ ಗೊತ್ತಾಗುತ್ತದೆ. ಆಗ ಟಯರ್ ಕಂಪನಿಯವರು ‘ಅಲೈನ್‌ಮೆಂಟ್ ದೋಷ’ ಅಂತ ಕೈ ತೊಳೆದುಕೊಳ್ಳುತ್ತಾರೆ, ಅವರದ್ದು ತಪ್ಪೂ ಅಲ್ಲ. ಆ ನಷ್ಟವನ್ನು ಕೇಳಬೇಕಾದದ್ದು ಟ್ರೇಲರ್ ಮಾಡಿದವರ ಹತ್ತಿರ.

ಹಬ್, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗ, ಬಿಸಿಯಾಗುವುದು ಎರಡನೇ ದೊಡ್ಡ ತಕರಾರು. ಟೇಪರ್ ರೋಲರ್ ಬೇರಿಂಗಿನ ನಟ್ಟನ್ನು ಗಾಲಿ ತಿರುಗಿಸುತ್ತಾ ಬಿಗಿದು, ಸ್ವಲ್ಪ ತಡೆ ಸಿಕ್ಕ ಮೇಲೆ ಸ್ಪ್ಲಿಟ್ ಪಿನ್ನಿನ ತೂತಿಗೆ ಸರಿಹೊಂದುವಷ್ಟು ಹಿಂದಕ್ಕೆ ಬಿಡಬೇಕು. ಅವಸರದಲ್ಲಿ ಗಟ್ಟಿಯಾಗಿ ಬಿಗಿದುಬಿಟ್ಟರೆ ಗ್ರೀಸ್ ಕರಗಿ ಹರಿದು, ರೋಲರ್ ನೀಲಿಗಟ್ಟುತ್ತದೆ. ಆ ನೀಲಿ ಬಣ್ಣ ಅತಿಬಿಸಿಯ ಗುರುತು, ಬೇರಿಂಗನ್ನು ಗುಜರಿಗೆ ಹಾಕದೆ ಸಾಕ್ಷಿಗೆ ತೆಗೆದಿಡಿ. ಖಾಲಿ ಟ್ರೇಲರ್ 20 ಕಿ.ಮೀ. ಓಡಿಸಿ ಹಬ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಅಲ್ಲೇ ವಿಡಿಯೊ ಮಾಡಿ. ಗಾಲಿಯ ನಟ್ಟುಗಳನ್ನೂ ಮೊದಲ 50 ಕಿ.ಮೀ. ನಂತರ ಮತ್ತೆ ಬಿಗಿಯಬೇಕು. ಹೊಸ ಬಣ್ಣದ ಪದರ ನಟ್ಟಿನಡಿ ಒತ್ತಿಕೊಂಡು ಬಿಗಿ ಸಡಿಲಾಗುತ್ತದೆ.

ಈಗ ವೆಲ್ಡಿಂಗ್. ಜಗಳದ ಮೂಲವೆಲ್ಲ ಡ್ರಾಬಾರ್ (ಕೊಂಡಿಯಿರುವ, ಟ್ರೇಲರ್ ಎಳೆಯುವ ತೊಲೆ) ಚಾಸಿಗೆ ಕೂಡುವ ಜಾಗದಲ್ಲೇ. ಭಾರ ಹೆಚ್ಚಾಗಿ ಮುರಿದಿದ್ದರೆ ಸಾಮಾನ್ಯವಾಗಿ ಮೊದಲು ಚಾನೆಲ್ (ಉಕ್ಕಿನ ತೊಲೆ) ಬಾಗುತ್ತದೆ, ಅಂಚು ಸೊಟ್ಟಾಗುತ್ತದೆ, ಬಾಗಿದ ಕಡೆ ಬಣ್ಣ ಬಿರಿದು ಉದುರುತ್ತದೆ. ವೆಲ್ಡ್ ಸರಿಯಾಗಿ ಕಚ್ಚದೆ ಇದ್ದರೆ ಚಾನೆಲ್ ನೆಟ್ಟಗೇ ಇರುತ್ತದೆ, ಬೆಸುಗೆ ಮಾತ್ರ ಒಣ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಮುರಿದ ಮುಖ ನೋಡಿ: ಲೋಹ ಒಂದಾಗದ ಕಡೆ ನುಣುಪಾಗಿರುತ್ತದೆ, ಗ್ರೈಂಡರ್ ಗೆರೆ ಹಾಗೇ ಕಾಣಬಹುದು, ಸೂಜಿ ತೂತುಗಳಿದ್ದರೆ ಗಾಳಿ ಸಿಕ್ಕಿಕೊಂಡಿತ್ತು ಅಂತ ಅರ್ಥ. ಮುಖದ ಅರ್ಧ ಭಾಗ ಹಳೆ ತುಕ್ಕು, ಉಳಿದರ್ಧ ಹೊಳಪು ಇದ್ದರೆ ಬಿರುಕು ಮೊದಲಿನಿಂದಲೇ ಇತ್ತು. ಸಂಶಯವಿದ್ದ ಕಡೆ ಡೈ ಪೆನಿಟ್ರೆಂಟ್ ಕಿಟ್ (ಬಿರುಕಿನೊಳಗೆ ಇಳಿಯುವ ಬಣ್ಣದ ದ್ರವದ ಕಿಟ್) ಸಾಕು: ಬಣ್ಣ ಕೆರೆದು, ಕ್ಲೀನರಿನಿಂದ ಒರೆಸಿ, ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ.

ಸುಗ್ಗಿಯ ಗಡಿಬಿಡಿಯಲ್ಲಿ ಊರಿನ ವೆಲ್ಡರ್ ಹತ್ತಿರ ಒಂದು ಹೊಲಿಗೆ ಹಾಕಿಸುವ ಆಸೆ ಬಿಡಿ. ಅಲ್ಲಿಗೆ ಸಾಕ್ಷಿ ಹೋಯಿತು, ವಾರಂಟಿಯೂ ಹೋಯಿತು.

ಟ್ರಾಲಿ ಎತ್ತುವ ಹೈಡ್ರಾಲಿಕ್ ಜ್ಯಾಕ್ ತಾನಾಗಿ ಇಳಿಯುತ್ತಿದ್ದರೆ ದೋಷ ಟ್ರೇಲರಿನದ್ದೋ ಟ್ರ್ಯಾಕ್ಟರಿನದ್ದೋ ಮೊದಲು ತಿಳಿಯಿರಿ. ಟ್ರ್ಯಾಕ್ಟರಿನಿಂದ ಜ್ಯಾಕ್‌ಗೆ ಎಣ್ಣೆ ಒಯ್ಯುವ ಹೋಸ್ ನಡುವೆ ಬಾಲ್ ವಾಲ್ವ್ ಹಾಕಿಸಿ, ಖಾಲಿ ಟ್ರಾಲಿ ಎತ್ತಿ, ವಾಲ್ವ್ ಮುಚ್ಚಿ. ಇಳಿಯುವುದು ನಿಂತರೆ ತಪ್ಪು ಟ್ರ್ಯಾಕ್ಟರಿನ ಕಂಟ್ರೋಲ್ ವಾಲ್ವಿನದ್ದು. ಆಗಲೂ ಇಳಿದರೆ ಜ್ಯಾಕ್ ಸೀಲ್ ಸುತ್ತ ಎಣ್ಣೆ ಜಿನುಗು ಹುಡುಕಿ. ಆಸರೆ ಕೊಡದೆ ಎತ್ತಿದ ಟ್ರಾಲಿಯಡಿ ಯಾರೂ ತಲೆ ಹಾಕಬಾರದು.

ಕಾಗದದ ವಿಷಯಕ್ಕೆ ಬಂದರೆ, ಕಚ್ಚಾ ಬಿಲ್ಲಿನಲ್ಲಿ ಕೊಂಡವರ ವಾದಕ್ಕೆ ಬಲ ಕಡಿಮೆ. ಜಿಎಸ್‌ಟಿ ಬಿಲ್ಲಿನ ಮೇಲೆ ಚಾಸಿ ನಂಬರ್ ಇರಲಿ, ಅದು ಫಾರ್ಮ್ 22ರಲ್ಲಿರುವ (ವಾಹನ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಪ್ರಮಾಣಪತ್ರ) ನಂಬರಿಗೆ ಹೊಂದಲಿ. ಅಮರಗೋಳ ಎಪಿಎಂಸಿ ಇರಲಿ, ಬ್ಯಾಡಗಿ ಇರಲಿ, ಪ್ರತಿ ಹೇರಿನ ತೂಕದ ಚೀಟಿ ತೆಗೆದಿಡಿ. ‘ಓವರ್‌ಲೋಡ್’ ಅನ್ನುವ ಬಾಯಿ ಮುಚ್ಚಿಸುವುದು ಈ ಚೀಟಿಗಳೇ. ಥರ್ಮಲ್ ಕಾಗದದ ಅಕ್ಷರ ಮಾಸುತ್ತದೆ, ಫೋಟೊ ತೆಗೆದುಕೊಳ್ಳಿ. ರಿಪೇರಿಗೆ ಬಿಟ್ಟಾಗಲೆಲ್ಲ ಜಾಬ್ ಕಾರ್ಡ್ (ಕೆಲಸದ ಚೀಟಿ) ಕೇಳಿ. ದೋಷ ಉಳಿದಿದ್ದರೆ ‘ತೃಪ್ತಿಕರ’ ಅಂತಿರುವ ಕಡೆ ಸಹಿ ಹಾಕದೆ, ‘ದೋಷ ಹಾಗೇ ಇದೆ’ ಅಂತ ಕೈಯಲ್ಲಿ ಬರೆಯಿರಿ.

ಫೋನಿನ ಮಾತು ಸಾಕ್ಷಿಗೆ ನಿಲ್ಲುವುದು ಕಷ್ಟ. ಮಾರಿದವರು, ಮಾಡಿದವರು ಇಬ್ಬರಿಗೂ ಸ್ಪೀಡ್ ಪೋಸ್ಟಿನಲ್ಲಿ 15 ದಿನದ ನೋಟಿಸ್ ಕೊಡಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಧಾರವಾಡ, ಗದಗ, ಹಾವೇರಿಗೆ ಬೇರೆ ಬೇರೆ ಆಯೋಗಗಳಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಟ್ರೇಲರ್ ಎಲ್ಲಿಯದೇ ಆಗಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಣ ಹುಟ್ಟಿದ 2 ವರ್ಷದೊಳಗೆ ಸಲ್ಲಿಸಬೇಕು. ಬಾಡಿಗೆಗೆ ಓಡಿಸುತ್ತಿದ್ದರೆ ‘ವಾಣಿಜ್ಯ ಉದ್ದೇಶ’ ಅಂತ ತಕರಾರು ಬಂದೇ ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಅಂತ ದೂರಿನಲ್ಲೇ ಬರೆದಿರಬೇಕು.

ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಅದೇ ಕಾಯ್ದೆಯ 38ನೇ ಕಲಮಿನಡಿ ಪ್ರಯೋಗಾಲಯ ಪರೀಕ್ಷೆ ಕೇಳಿ. ತಜ್ಞರ ವರದಿಯಿಲ್ಲದೆ ‘ತಯಾರಿಕಾ ದೋಷ’ ಸಾಬೀತಾಗುವುದು ಅಪರೂಪ. ಪರಿಹಾರ ಕೇಳುವಾಗ ಬದಲಿ ಟ್ರೇಲರ್ ಒಂದನ್ನೇ ಹಿಡಿದು ಕೂರಬೇಡಿ: ಬದಲಿ, ಇಲ್ಲವೇ ಹಣ ವಾಪಸ್, ಇಲ್ಲವೇ ಉಚಿತ ರಿಪೇರಿ ಮತ್ತು ನಿಂತ ದಿನಗಳ ನಷ್ಟ, ಹೀಗೆ ಮೂರನ್ನೂ ಬರೆಸಿ. ಕೇಸು ನಡೆಯುತ್ತಿದೆ ಅಂತ ಸಾಲದ ಕಂತು ನಿಲ್ಲಿಸಬೇಡಿ, ಬ್ಯಾಂಕಿಗೂ ವೆಲ್ಡಿಂಗಿಗೂ ಸಂಬಂಧವಿಲ್ಲ.