ಹಾಡಿನಲ್ಲಿ ಇಲ್ಲದ ಹೆಸರುಗಳು

ಅಮೆರಿಕದ ಒಹಾಯೋ ರಾಜ್ಯದಲ್ಲಿ ಕೆಂಟ್ ಅಂತ ಒಂದು ಸಣ್ಣ ಊರಿದೆ. ನಾನು ಕೆಲಸ ಮಾಡುವ ಆಕ್ರನ್ನಿನಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಊರು ಅಂದರೆ ಮುಖ್ಯವಾಗಿ ಅಲ್ಲಿನ ಕೆಂಟ್ ಸ್ಟೇಟ್ ಯೂನಿವರ್ಸಿಟಿ. ಅಕ್ಕನ ಮಗಳು ಅಲ್ಲೇ ಎಂ.ಎಸ್. ಓದುತ್ತಿದ್ದಾಳೆ. 1970ರ ಮೇ 4ರಂದು ಅಲ್ಲಿ ಗೋಲಿಬಾರ್ ಆಗಿ ನಾಲ್ವರು ವಿದ್ಯಾರ್ಥಿಗಳು ಸತ್ತಿದ್ದರು. ಆ ವರ್ಷ ಮೇ 4 ವಾರಾಂತ್ಯಕ್ಕೆ ಬಂದಿತ್ತು. "ಮಾಮಾ, ಮುಂಜಾನೆನ ಬರ್ರಿ. ಮಧ್ಯಾಹ್ನ ಆದ್ರ ಗದ್ದಲ ಜಾಸ್ತಿ ಆಗತೈತಿ" ಅಂತ ಹಿಂದಿನ ದಿನವೇ ಫೋನ್ ಮಾಡಿದ್ದಳು.

ನನ್ನನ್ನು ಸೀದಾ ಒಂದು ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋದಳು. ವಿದ್ಯಾರ್ಥಿಗಳು ದಿನಾ ಕಾರು ನಿಲ್ಲಿಸುವ ಜಾಗ, ಅಂಥ ವಿಶೇಷ ಏನೂ ಕಾಣುವುದಿಲ್ಲ. ಆದರೆ ಸಾಲಿನ ನಡುವೆ ಕೆಲವು ಕಡೆ ಕಾರಿಲ್ಲ. ಒಂದು ಕಾರಿನಷ್ಟು ಜಾಗಕ್ಕೆ ಸುತ್ತ ಗಿಡ್ಡ ಕಂಬ ನೆಟ್ಟಿದ್ದಾರೆ. ಒಂದು ಮೂಲೆಯಲ್ಲಿ ಹೆಸರು ಕೆತ್ತಿದ ಕಲ್ಲು. ಹತ್ತಿರದ ರಸ್ತೆಯ ಮೇಲೆ ಅಂಥದೇ ಇನ್ನೊಂದು. ಆ ಬೆಳಿಗ್ಗೆ ಒಂದೊಂದು ಜಾಗದಲ್ಲೂ ಒಬ್ಬರೋ ಇಬ್ಬರೋ ಕೈಯಲ್ಲಿ ಮೇಣದ ಬತ್ತಿ ಹಿಡಿದು ಸುಮ್ನೆ ನಿಂತಿದ್ದರು. ಹಿಂದಿನ ರಾತ್ರಿ ಮೆರವಣಿಗೆಯಲ್ಲಿ ಬಂದವರು ಪಾಳಿ ಹಾಕಿಕೊಂಡು, ಗುಂಡು ಹಾರಿದ ಹೊತ್ತು ಅಂದರೆ ಮಧ್ಯಾಹ್ನ 12 ಗಂಟೆ 24 ನಿಮಿಷದವರೆಗೆ ನಿಲ್ಲುತ್ತಾರೆ. ಇದು ಬಹಳ ವರ್ಷದಿಂದ ನಡೆದುಕೊಂಡು ಬಂದ ಪದ್ಧತಿ.

"ನಾ ದಿನಾ ಇಲ್ಲೇ ಅಡ್ಡಾಡ್ತೀನಿ ಮಾಮಾ. ಎಷ್ಟ ರಶ್ ಇದ್ರೂ ಇಲ್ಲಿ ಯಾರೂ ಕಾರ್ ನಿಲ್ಸಂಗಿಲ್ಲ."

1970ರ ಏಪ್ರಿಲ್ 30ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್, ಅಮೆರಿಕದ ಸೈನ್ಯ ಕಾಂಬೋಡಿಯಾದೊಳಗೂ ನುಗ್ಗಿದೆ ಅಂತ ಟಿವಿಯಲ್ಲಿ ಹೇಳಿದರು. ವಿಯೆಟ್ನಾಂ ಯುದ್ಧ ಮುಗಿಯುತ್ತದೆ ಅಂತ ಕಾಯುತ್ತಿದ್ದ ಹುಡುಗರಿಗೆ ಸಿಟ್ಟು ಬಂತು. ದೇಶದ ಎಷ್ಟೋ ಕಾಲೇಜುಗಳಲ್ಲಿ ಪ್ರತಿಭಟನೆ ಶುರುವಾಯಿತು. ಕೆಂಟ್‌ನಲ್ಲಿ ಮೇ 2ರ ರಾತ್ರಿ ಸೈನಿಕ ತರಬೇತಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಒಹಾಯೋ ರಾಜ್ಯದ ಮೀಸಲು ಸೈನ್ಯವಾದ ನ್ಯಾಷನಲ್ ಗಾರ್ಡ್ ಪಡೆ ಬಂದು ಕ್ಯಾಂಪಸ್ಸಿನಲ್ಲಿ ಬೀಡು ಬಿಟ್ಟಿತು. ಮೇ 4 ಸೋಮವಾರ ಮಧ್ಯಾಹ್ನ ಮೈದಾನದ ಗಂಟೆಯ ಹತ್ತಿರ ವಿದ್ಯಾರ್ಥಿಗಳು ಸೇರಿದರು. ಅಶ್ರುವಾಯು ಬಿಟ್ಟು ಅವರನ್ನು ದಿಬ್ಬದ ಆಚೆ ಓಡಿಸಿದರು. ವಾಪಸ್ ದಿಬ್ಬ ಹತ್ತಿದ ಗಾರ್ಡ್‌ಗಳಲ್ಲಿ 28 ಮಂದಿ ತಟ್ಟನೆ ತಿರುಗಿ ಗುಂಡು ಹಾರಿಸಿದರು. 13 ಸೆಕೆಂಡಿನಲ್ಲಿ 60ಕ್ಕೂ ಹೆಚ್ಚು ಗುಂಡು. ನಾಲ್ವರು ಸತ್ತರು, ಒಂಬತ್ತು ಜನ ಗಾಯಗೊಂಡರು.

ನಾವು ಆ ದಿಬ್ಬ ಹತ್ತಿದೆವು. ಗಾರ್ಡ್‌ಗಳು ನಿಂತಿದ್ದ ಕಡೆಯಿಂದ ಕೆಳಗೆ ನೋಡಿದರೆ ಪಾರ್ಕಿಂಗ್ ಜಾಗ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತದೆ. ಸತ್ತ ನಾಲ್ವರಲ್ಲಿ ಹತ್ತಿರ ಇದ್ದವನೇ 265 ಅಡಿ ದೂರದಲ್ಲಿದ್ದ. ಎಲ್ಲರಿಗಿಂತ ದೂರ ಇದ್ದವಳು 390 ಅಡಿ. ಅಷ್ಟು ದೂರದಿಂದ ಕಲ್ಲು ಹೊಡೆದರೂ ಅದು ಮೇಲೆ ಮುಟ್ಟುವುದಿಲ್ಲ. ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದೆವು ಅಂತ ಆಮೇಲೆ ಗಾರ್ಡ್‌ಗಳು ಹೇಳಿದ್ದನ್ನು ನಾನು ಓದಿದ್ದೆ. ಅಲ್ಲಿ ನಿಂತು ಕೆಳಗೆ ನೋಡಿದ ಮೇಲೆ ಆ ಮಾತನ್ನು ನಂಬುವುದು ನನ್ನಿಂದ ಆಗಲಿಲ್ಲ.

ಅಲ್ಲೇ ಹತ್ತಿರ ತುಕ್ಕು ಬಣ್ಣದ ಉಕ್ಕಿನ ಹಲಗೆಗಳನ್ನು ಜೋಡಿಸಿ ಮಾಡಿದ ಎತ್ತರದ ಶಿಲ್ಪ ಇದೆ. ಡಾನ್ ಡ್ರಮ್ ಅನ್ನುವ ಕಲಾವಿದ ಮಾಡಿದ್ದು. ಅದರ ಒಂದು ದಪ್ಪ ಹಲಗೆಯಲ್ಲಿ ಆ ದಿನ ಗುಂಡು ಹೊಕ್ಕು ಹೊರಬಂದ ತೂತು ಹಾಗೇ ಇದೆ. ಸುತ್ತ ಯಾರೋ ಸೀಮೆಸುಣ್ಣದಲ್ಲಿ ಹೂವು ಬರೆದಿದ್ದರು. ಅವಳು ಅದರೊಳಗೆ ಬೆರಳಿಟ್ಟಳು. ಒಳಗಿನ ಅಂಚು ಎಷ್ಟೋ ಕೈ ಮುಟ್ಟಿ ನುಣ್ಣಗಾಗಿತ್ತು. ಆ ಗುಂಡಿಗೆ ಉಕ್ಕೇ ಅಡ್ಡ ಬರಲಿಲ್ಲ ಅಂದರೆ ಪುಸ್ತಕ ಹಿಡಿದು ನಡೆಯುವ ಹುಡುಗಿಯ ಮೈ ಏನು ತಡೆದೀತು?

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. ನಾನು ಕೆಂಟ್ ಊರಿನ ಹೆಸರು ಕೇಳುವ ಮೊದಲೇ ನನಗೆ ಗೊತ್ತಿದ್ದದ್ದು ಆ ಹಾಡು.

ಹೆಸರು 'ಒಹಾಯೋ'. ಬರೆದವರು ರಾಕ್ ಗಾಯಕ ನೀಲ್ ಯಂಗ್. ಆ ವಾರದ ಲೈಫ್ ಪತ್ರಿಕೆಯಲ್ಲಿ ಗೋಲಿಬಾರಿನ ಫೋಟೋಗಳು ಬಂದಿದ್ದವು. ಜೊತೆಗಾರ ಡೇವಿಡ್ ಕ್ರಾಸ್ಬಿ ಆ ಪತ್ರಿಕೆಯನ್ನು ಅವರ ಕೈಗಿಟ್ಟರು. ಯಂಗ್ ನೋಡಿದರು, ಗಿಟಾರ್ ತೆಗೆದುಕೊಂಡರು, ಅಲ್ಲೇ ಹಾಡು ಹುಟ್ಟಿತು. ಮೇ 21ಕ್ಕೆ ಲಾಸ್ ಏಂಜಲೀಸ್‌ನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅಂಡ್ ಯಂಗ್ ತಂಡ ಒಟ್ಟಿಗೇ ನಿಂತು ಅದನ್ನು ಹಾಡಿತು. ಗುಂಡು ಬಿದ್ದು 17 ದಿನ ಆಗಿತ್ತು ಅಷ್ಟೇ. ಜೂನ್‌ನಲ್ಲಿ ರೆಕಾರ್ಡ್ ಅಂಗಡಿಗೆ ಬಂತು. ಆಗ ಅದೇ ತಂಡದ ಇನ್ನೊಂದು ಹಾಡು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲೆ ಏರುತ್ತಿತ್ತು. ಅದಕ್ಕೆ ಪೆಟ್ಟು ಬಿದ್ದರೂ ಬೀಳಲಿ ಅಂತ ಇದನ್ನು ಬಿಟ್ಟರು. ಎಷ್ಟೋ ಎಎಂ ರೇಡಿಯೋ ಸ್ಟೇಷನ್‌ಗಳು ಹಾಕಲಿಲ್ಲ. ಎಫ್ಎಂನವರು ಹಾಕಿದರು. ಹಾಗಿದ್ದೂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೇ ಜಾಗದವರೆಗೆ ಹೋಯಿತು.

ಗಿಟಾರಿನಲ್ಲಿ ಇದನ್ನು ನುಡಿಸಬೇಕಾದರೆ ಎಲ್ಲಕ್ಕಿಂತ ದಪ್ಪ ತಂತಿ, ಎಲ್ಲಕ್ಕಿಂತ ಸಣ್ಣ ತಂತಿ ಎರಡನ್ನೂ ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸಬೇಕು. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಗೆಳೆಯನೊಬ್ಬ ತೋರಿಸಿಕೊಟ್ಟಿದ್ದ. ಸಡಿಲವಾದ ದಪ್ಪ ತಂತಿ ಮೀಟಿದರೆ ಎದೆಗೆ ಒತ್ತಿ ಹಿಡಿದ ಗಿಟಾರಿನ ಮರವೇ ಗುಂಯ್ ಅನ್ನುತ್ತದೆ. ಮೊದಲ ಸಾಲಿನ ಧಾಟಿ ದೂರದಿಂದ ಬೂಟುಗಾಲು ಹಾಕುತ್ತಾ ಬರುವವರ ಹಾಗೆ. ಮುಗಿಯುವ ಹೊತ್ತಿಗೆ ಹಿಂದೆ ಕ್ರಾಸ್ಬಿ ಯಾಕೆ, ಎಷ್ಟು ಜನ ಅಂತ ಕೂಗುತ್ತಾರೆ. ಅಲ್ಲಿ ಅವರ ದನಿ ಒಡೆಯುತ್ತದೆ. ಅದನ್ನು ತಿದ್ದಿ ನೀಟ್ ಮಾಡಲಿಲ್ಲ, ಹಾಗೇ ಬಿಟ್ಟರು. ಒಳ್ಳೆಯದು ಮಾಡಿದರು.

ರಾಕ್ ಸಂಗೀತದಲ್ಲಿ ಶಾಂತಿ ಬೇಕು, ಯುದ್ಧ ಬೇಡ ಅನ್ನುವ ಹಾಡುಗಳಿಗೆ ಬರವಿಲ್ಲ. ಕೇಳಲು ಚೆನ್ನಾಗಿರುತ್ತವೆ, ಯಾರಿಗೂ ತೊಂದರೆ ಇಲ್ಲ. ಯುದ್ಧ ಮಾಡಿಸುವವರೂ ಕೂತು ಕೇಳಬಹುದು. 'ಒಹಾಯೋ' ಹಾಗಲ್ಲ. ಅಧ್ಯಕ್ಷರು ಕುರ್ಚಿಯಲ್ಲಿ ಇರುವಾಗಲೇ ನಿಕ್ಸನ್ ಅಂತ ಹೆಸರು ಹಿಡಿದು ಕರೆಯುತ್ತದೆ. ಯಾವ ರಾಜ್ಯ, ಎಷ್ಟು ಹೆಣ ಅಂತ ಲೆಕ್ಕ ಹೇಳುತ್ತದೆ, ಅದನ್ನೇ ತಿರುಗಿ ತಿರುಗಿ ಹೇಳುತ್ತದೆ. ನನ್ನ ಪ್ರಕಾರ ಪ್ರತಿಭಟನೆಯ ಹಾಡಿಗೆ ಬೇಕಾದದ್ದು ಇದೇ: ಸತ್ತವರ ಮಣ್ಣು ಆರುವ ಮೊದಲೇ, ಯಾರು ಹೊಣೆ ಅಂತ ಬಾಯಿಬಿಟ್ಟು ಹೇಳುವ ಧೈರ್ಯ. ಯಂಗ್ ಕೆನಡಾದವರು. ಪರದೇಶದವನು ನನಗೇಕೆ ಅಂತ ಅವರು ಸುಮ್ಮನಿರಲಿಲ್ಲ.

ಆದರೆ ಆ ಹಾಡಿನಲ್ಲಿ ನಾಲ್ಕು ಅನ್ನುವ ಲೆಕ್ಕ ಇದೆ, ನಾಲ್ವರ ಹೆಸರಿಲ್ಲ. ಹೆಸರು ಓದಲು ನಾನು ಈ ಪಾರ್ಕಿಂಗ್ ಜಾಗಕ್ಕೇ ಬರಬೇಕಾಯಿತು. ಜೆಫ್ರಿ ಮಿಲ್ಲರ್, 20 ವರ್ಷ. ಆಲಿಸನ್ ಕ್ರೌಸ್, 19. ಇವರಿಬ್ಬರು ಪ್ರತಿಭಟನೆಗೆ ಬಂದವರು. ವಿಲಿಯಂ ಶ್ರೋಡರ್, 19. ಇವನು ಸೈನಿಕ ತರಬೇತಿಗೇ ಸೇರಿದ್ದ ಹುಡುಗ. ಸ್ಯಾಂಡ್ರಾ ಶೋಯರ್, 20, ಕ್ಲಾಸಿಗೆ ಹೊರಟಿದ್ದಳು. ಸ್ಯಾಂಡ್ರಾಳ ಕಲ್ಲಿನ ಮೇಲೆ ಬಂದವರು ಸಣ್ಣ ಸಣ್ಣ ಹರಳು ಇಟ್ಟಿದ್ದರು. ನನ್ನ ಜೊತೆಗಿದ್ದವಳು ಬಗ್ಗಿ ಒಂದು ಹರಳು ಇಟ್ಟು ಎದ್ದಳು.

"ನಮ್ಮೂರಾಗ ಜುಲೈ 21ಕ್ಕ ವೀರಗಲ್ಲಿಗೆ ಮಾಲಿ ಹಾಕ್ತಾರಲ್ಲ ಮಾಮಾ, ಹಂಗ."

ಅವಳ ಊರು ನರಗುಂದ. 1980ರಲ್ಲಿ ಮಲಪ್ರಭಾ ಕಾಲುವೆಯ ರೈತರು ಕರದ ವಿರುದ್ಧ ಎದ್ದಾಗ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿತ್ತು. ಚಳವಳಿ ಆಮೇಲೆ ರಾಜ್ಯದ ತುಂಬ ಹಬ್ಬಿತು. ಇವಳು ಹುಟ್ಟಿದ್ದು ಅದೆಲ್ಲ ಮುಗಿದ ಮೇಲೆ. ಆದರೂ ಕಲ್ಲಿನ ಮುಂದೆ ಹೇಗೆ ನಿಲ್ಲಬೇಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಧ್ಯಾಹ್ನ ಮೈದಾನದಲ್ಲಿ ಸಭೆ. ತಲೆ ನರೆತವರು ಬಹಳ ಜನ ಇದ್ದರು. ಅವತ್ತು ಇದೇ ಹುಲ್ಲಿನ ಮೇಲೆ ಓಡಿದವರೂ ಅವರಲ್ಲಿ ಇದ್ದರು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ರಾಕ್ ಬಗ್ಗೆ ಮಾತು ತೆಗೆದರು. ಪ್ರಿಟೆಂಡರ್ಸ್ ತಂಡದ ಕ್ರಿಸ್ಸಿ ಹೈಂಡ್ ಆಗ ಇಲ್ಲೇ ವಿದ್ಯಾರ್ಥಿನಿ. ಡೀವೋ ತಂಡದ ಜೆರಾಲ್ಡ್ ಕಸಾಲೆಗೆ ಸತ್ತವರಲ್ಲಿ ಇಬ್ಬರ ಪರಿಚಯ ಇತ್ತು. ಈ ಗೋಲಿಬಾರ್ ನಡೆಯದಿದ್ದರೆ ಡೀವೋ ತಂಡವೇ ಇರುತ್ತಿರಲಿಲ್ಲ ಅಂತ ಕಸಾಲೆ ಹೇಳಿಕೊಂಡು ಬಂದಿದ್ದಾರೆ. ಹಾಡು ಬರೆದವರು ಫೋಟೋ ನೋಡಿ ಬರೆದರು. ಕಣ್ಣಾರೆ ಕಂಡವರು ಬೇರೆಯದೇ ಥರದ ಸಂಗೀತಕ್ಕೆ ಹೋದರು.

12 ಗಂಟೆ 24 ನಿಮಿಷಕ್ಕೆ ಗಂಟೆ ಬಾರಿಸಲು ಶುರು ಮಾಡಿದರು. ಒಂದು ಹೊಡೆತ, ಅದರ ನಾದ ಪೂರ್ತಿ ಇಳಿದ ಮೇಲೆ ಇನ್ನೊಂದು. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ಸತ್ತ ನಾಲ್ವರು, ಗಾಯಗೊಂಡ ಒಂಬತ್ತು ಜನ, ಒಟ್ಟು ಹದಿಮೂರು. ಆದರೆ ಗಂಟೆ 15 ಸಲ ಬಾರಿಸಿತು. ಅವಳು ನನ್ನ ಮುಖ ನೋಡಿದಳು. ಆ ಎರಡು ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್‌ನಲ್ಲಿ ಸತ್ತವರಿಗೆ ಅಂತ ಆ ಹಿರಿಯರೇ ಹೇಳಿದರು.

ಜಾಕ್ಸನ್ ಸ್ಟೇಟ್ ಕಪ್ಪು ಜನಾಂಗದ ಹುಡುಗರು ಓದುತ್ತಿದ್ದ ಕಾಲೇಜು. ಕೆಂಟ್ ಆಗಿ ಹತ್ತು ದಿನದ ಮೇಲೆ, ಮೇ 14 ಕಳೆದು 15ಕ್ಕೆ ಬಿದ್ದ ರಾತ್ರಿ, ಅಲ್ಲಿ ಹುಡುಗಿಯರ ಹಾಸ್ಟೆಲ್ ಕಡೆಗೆ ಪೊಲೀಸರು ನೂರಾರು ಗುಂಡು ಹಾರಿಸಿದರು. ನನಗೆ ಈ ಹಾಡಿನ ಬಗ್ಗೆ ಇರುವ ನೋವು ಇಲ್ಲೇ. ಮೇ 21ಕ್ಕೆ ಸ್ಟುಡಿಯೋಗೆ ಹೋಗುವ ಹೊತ್ತಿಗೆ ಜಾಕ್ಸನ್ನಿನ ಸುದ್ದಿಯೂ ಬಂದಾಗಿತ್ತು. ಹಾಡಿನಲ್ಲಿ ಅದರ ಸುಳಿವಿಲ್ಲ.

ಸಂಜೆ ಅವಳೂ ನನ್ನ ಜೊತೆ ಆಕ್ರನ್‌ಗೆ ಬಂದಳು. ಕಾರಿನಲ್ಲಿ 'ಒಹಾಯೋ' ಹಾಕಿದೆವು. ಮುಗಿದ ಕೂಡಲೇ ಕೇಳಿದಳು:

"ಹಾಡಿಂದ ಏನ್ ಬದಲಾತು ಮಾಮಾ? ಯಾರಿಗರ ಶಿಕ್ಷಾ ಆತೇನು?"

ಆಗಲಿಲ್ಲ. ಎಂಟು ಗಾರ್ಡ್‌ಗಳ ಮೇಲೆ ಕೇಸು ನಡೆದು 1974ರಲ್ಲಿ ಬಿದ್ದು ಹೋಯಿತು. 1979ರಲ್ಲಿ ರಾಜಿಯಾಗಿ, ಎಲ್ಲ ಸಂತ್ರಸ್ತರಿಗೂ ಸೇರಿ 6,75,000 ಡಾಲರ್ ಕೊಟ್ಟು, ವಿಷಾದ ಅಂತ ಒಂದು ಕಾಗದಕ್ಕೆ ಸಹಿ ಹಾಕಿದರು. ಅಷ್ಟೇ. ಆದರೆ ಇನ್ನೊಂದು ಲೆಕ್ಕವೂ ಇದೆ ನೋಡವಾ ಅಂದೆ. ಗೋಲಿಬಾರಿನ ಬೆನ್ನಿಗೇ ನಡೆದ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 58 ಜನ ತಪ್ಪು ವಿದ್ಯಾರ್ಥಿಗಳದ್ದೇ ಅಂದಿದ್ದರು. ಗಾರ್ಡ್‌ಗಳದ್ದು ಅಂದವರು ಶೇ. 11. ಇಡೀ ದೇಶ ಸತ್ತ ಹುಡುಗರನ್ನೇ ಬೈಯುತ್ತಿದ್ದಾಗ ಈ ನಾಲ್ವರು ಹಾಡುಗಾರರು ಗಟ್ಟಿಯಾಗಿ ಅಲ್ಲ ಅಂದರು. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಆ ದನಿ ರೇಡಿಯೋದಲ್ಲಿ ಕೇಳುವುದು ಸಣ್ಣ ಮಾತಾ?

ಅವಳು ಒಪ್ಪಿದಳು, ಪೂರ್ತಿ ಒಪ್ಪಲಿಲ್ಲ. "ಕೆಂಟ್‌ನವರಿಗೆ ಹಾಡ್ ಸಿಕ್ತು. ಜಾಕ್ಸನ್‌ನವರಿಗೆ ಎರಡ ಗಂಟಿ ಅಷ್ಟ" ಅಂದಳು. ಫೋನ್ ತೆಗೆದು ಹುಡುಕಿ ಓದುತ್ತಾ ಹೋದಳು. ಫಿಲಿಪ್ ಗಿಬ್ಸ್, 21 ವರ್ಷ, ಮದುವೆಯಾಗಿ ಮಗು ಇತ್ತು. ಜೇಮ್ಸ್ ಅರ್ಲ್ ಗ್ರೀನ್, 17, ಹೈಸ್ಕೂಲ್ ಹುಡುಗ, ಕಿರಾಣಿ ಅಂಗಡಿಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ.

"ಇವರ ಮ್ಯಾಲೆ ಯಾರೂ ಹಾಡ ಮಾಡ್ಲಿಲ್ಲೇನು?"

ಮಾಡಿದ್ದರು. ಅದೇ 1970ರಲ್ಲಿ ಸ್ಟೀವ್ ಮಿಲ್ಲರ್ ಬ್ಯಾಂಡ್ ತನ್ನ ಆಲ್ಬಮ್ಮಿನಲ್ಲಿ 'ಜಾಕ್ಸನ್-ಕೆಂಟ್ ಬ್ಲೂಸ್' ಅಂತ ಒಂದು ಹಾಡು ಹಾಕಿತ್ತು. ಎರಡೂ ಊರಿನ ಹೆಸರು ಒಟ್ಟಿಗೆ, ಜಾಕ್ಸನ್ ಮೊದಲು. ಈ ದೇಶದ ಹಳೆಯ ರಾಕ್ ಸ್ಟೇಷನ್‌ಗಳಲ್ಲಿ 'ಒಹಾಯೋ' ಈಗಲೂ ಬರುತ್ತಿರುತ್ತದೆ, ಇದು ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವಳು ಅದನ್ನು ಹುಡುಕಿ ಹಾಕಿದಳು. ಮನೆ ಬರುವವರೆಗೆ ಅದನ್ನೇ ಕೇಳಿದೆವು.