ನೀನು ಲಿನಕ್ಸ್ ಇಟ್ಕೊಂಡು ನಮಗೆಲ್ಲ ವಿಂಡೋಸ್ ಎಂತಕ್ಕೆ ಹಾಕ್ತೀಯ?

ತೀರ್ಥಹಳ್ಳಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಂದವರು ಕೌಂಟರಿನ ಮೇಲೆ ಬಗ್ಗಿ ನನ್ನ ಸ್ಕ್ರೀನ್ ನೋಡುತ್ತಾರೆ. "ಇದು ವಿಂಡೋಸ್ ಅಲ್ವಲ್ಲ ಮಾರಾಯ?" ಅಲ್ಲ, ಲಿನಕ್ಸ್. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಆಮೇಲೆ ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆ ಅಕ್ಕಿ ಮನೆಗಿಟ್ಟುಕೊಂಡು ಗಿರಾಕಿಗೆ ನುಚ್ಚು ಅಳೆಯುವವನನ್ನು ನೋಡಿದ ಹಾಗೆ ನೋಡುತ್ತಾರೆ.

ಹಾಗೇನಿಲ್ಲ. ಯಾರೇ ಬರಲಿ, ನಾನು ಮೊದಲು ಕೇಳುವುದು ಒಂದೇ: ನಿಮಗೆ ಬಿಡಲಿಕ್ಕೇ ಆಗದ ಸಾಫ್ಟ್‌ವೇರ್ ಯಾವುದು? ಅದು ಎಲ್ಲಿ ಓಡುತ್ತದೋ ಅದೇ ನಿಮ್ಮ ಆಪರೇಟಿಂಗ್ ಸಿಸ್ಟಮ್.

ಅಡಿಕೆ ಮಂಡಿಯವರನ್ನೇ ತಗೊಳ್ಳಿ. ಅವರಿಗೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬೇಕು. ಬೆಂಗಳೂರಿನ ಕಂಪನಿಯದು, ಆದರೆ ವಿಂಡೋಸ್‌ಗೆ ಅಂತ ಮಾಡಿದ್ದು. ಲಿನಕ್ಸಿನಲ್ಲಿ ವೈನ್ ಅನ್ನುವುದನ್ನು ಹಾಕಿ ವಿಂಡೋಸಿನ ಕೆಲವು ಪ್ರೋಗ್ರಾಂಗಳನ್ನು ಓಡಿಸಬಹುದು, ಹೌದು. ಸುಗ್ಗಿಯಲ್ಲಿ ಹತ್ತು ಜನ ಚೀಟಿಗೆ ಕಾಯುತ್ತ ನಿಂತಿರುವಾಗ ಆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ.

ಲಗ್ನಪತ್ರಿಕೆ ಮಾಡುವವರದ್ದು ಇನ್ನೂ ಗಟ್ಟಿ ಗಂಟು. ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ. ಇವತ್ತಿಗೂ ಅದರಲ್ಲೇ ಗಣಪತಿ ಕೂರಿಸಿ, ಸುತ್ತ ಬಳ್ಳಿ ಬಿಡಿಸಿ ಪತ್ರಿಕೆ ಕೊಡುತ್ತಾರೆ. ಆ ಹಳೆ ಫಾಂಟಿನ ಗುಟ್ಟು ಏನೆಂದರೆ, ಬರೆದದ್ದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದಾರೆ, ಅಷ್ಟೆ. 'ಕನ್ನಡ' ಅಂತ ಟೈಪ್ ಮಾಡಿದ ಫೈಲನ್ನು ಫಾಂಟ್ ಇಲ್ಲದ ಕಡೆ ತೆರೆದು ನೋಡಿ. 'ಕ' ಇದ್ದಲ್ಲಿ ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆ ಮೇಲೆ ಗೀಟು ಹೊತ್ತ 'ಎ'. 'ನ' ಇದ್ದಲ್ಲಿ ಪೌಂಡಿನ ಗುರುತು! ಮದುಮಗ ನಾಗರಾಜನಾದರೆ ಹೆಸರು ಶುರುವಾಗುವುದೇ ಇಂಗ್ಲೆಂಡಿನ ದುಡ್ಡಿನಿಂದ.

ಯೂನಿಕೋಡಿನಲ್ಲಿ ಈ ರಗಳೆ ಇಲ್ಲ, ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇದೆ. 2001ರಲ್ಲೇ ವಿಂಡೋಸ್ ಎಕ್ಸ್‌ಪಿ ಜೊತೆ ಯೂನಿಕೋಡಿನ ಕನ್ನಡ ಫಾಂಟ್ ಬಂದಿತ್ತು. ಅದರ ಹೆಸರು ತುಂಗಾ, ನಮ್ಮ ಊರಿನ ಹೊಳೆಯದ್ದೇ. ಲಿನಕ್ಸಿನಲ್ಲಿ ಲೋಹಿತ್ ಅನ್ನುವ ಫಾಂಟ್ ಇದೆ. ನುಡಿಯಲ್ಲಿರುವ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ಸಿಗುತ್ತದೆ, ಹಾಗಾಗಿ ನುಡಿಯಲ್ಲಿ ಪಳಗಿದ ಬೆರಳು ತಡವರಿಸುವುದಿಲ್ಲ. ಆದರೆ ಇಪ್ಪತ್ತು ವರ್ಷದ ಹಳೆ ಫೈಲುಗಳನ್ನು ಏನು ಮಾಡೋದು? ಅವರು ವಿಂಡೋಸಿನಲ್ಲೇ ಇರಲಿ ಅಂತ ಬಿಟ್ಟಿದ್ದೇನೆ.

ಮ್ಯಾಕ್ ಕೇಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ, ಬೆಂಗಳೂರಿಂದ ಹಬ್ಬಕ್ಕೆ ಬಂದವರು. ಅದು ಆಪಲ್‌ನ ಯಂತ್ರಕ್ಕೇ ಅಂತ ಮಾಡಿದ್ದು. ಬಿಚ್ಚಲು ಸ್ಕ್ರೂಡ್ರೈವರೇ ಬೇರೆ ಬೇಕು. ಶಿವಮೊಗ್ಗಕ್ಕೆ ಹೋಗಿ ಅನ್ನುತ್ತೇನೆ.

ನಾನು ಲಿನಕ್ಸ್ ಇಟ್ಟುಕೊಂಡಿರುವುದು ಹೊಟ್ಟೆಪಾಡಿಗೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿ ಎಷ್ಟೋ ಕಂಪ್ಯೂಟರ್ ಆನ್ ಆಗದೆ ಬರುತ್ತವೆ. ಯುಪಿಎಸ್ ಇಟ್ಟಿರುವುದಿಲ್ಲ, ಅಪ್‌ಡೇಟ್ ನಡೆಯುವಾಗಲೇ ಲೈನ್ ಹೋಗಿರುತ್ತದೆ. ಲಿನಕ್ಸ್ ಇರುವ ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದರೆ ಒಳಗಿರುವ ಫೋಟೋ, ಲೆಕ್ಕ ಎಲ್ಲ ಕಾಪಿ ಮಾಡಿಕೊಳ್ಳಬಹುದು, ಡಿಸ್ಕ್ ಸತ್ತಿಲ್ಲದಿದ್ದರೆ. ಹಾಗಂತ ಕರೆಂಟ್ ಹೋದರೆ ಲಿನಕ್ಸ್ ಕೆಡುವುದಿಲ್ಲ ಅಂದುಕೊಳ್ಳಬೇಡಿ. ಅದೂ ಕೆಡುತ್ತದೆ.

ಇನ್ನು ಬೇರೆಯವರಿಗೆ ಲಿನಕ್ಸ್ ಹಾಕಿಲ್ಲ ಅಂತಲೂ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಅದಾದ ಮೇಲೆ ಆಗುಂಬೆ ಕಡೆಯ ಒಬ್ಬರು ರಿಟೈರ್ಡ್ ಮೇಷ್ಟ್ರು ತಮ್ಮ ಕಂಪ್ಯೂಟರನ್ನು ಅಡಿಕೆ ಚೀಲದಲ್ಲಿ ಸುತ್ತಿ ಜೀಪಿನಲ್ಲಿ ತಂದರು. 2013ರದ್ದು. ಮುಚ್ಚಳ ತೆಗೆದರೆ ಫ್ಯಾನಿನ ಸುತ್ತ ಇರುವೆ ಗೂಡು, ಮೊಟ್ಟೆ ಸಮೇತ. ಬ್ರಷ್ಷಿನಲ್ಲಿ ಗುಡಿಸುತ್ತ ವಿಷಯ ಹೇಳಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದರ ಮೇಲಿನದ್ದೋ ಆಗಬೇಕು. ಇವರದ್ದು ಮೂರನೆಯದು.

"ಇದ್ರಲ್ಲಿ ಏನೇನು ಮಾಡ್ತೀರಿ ಸಾರ್?"

"ಎಂತ ಮಾಡೋದು, ಮಗಳ ಹತ್ರ ವಿಡಿಯೋದಲ್ಲಿ ಮಾತಾಡೋದು. ಪೇಪರ್ ಓದೋದು. ಯಕ್ಷಗಾನ ನೋಡೋದು."

ಮೂರೂ ಬ್ರೌಸರಿನ ಕೆಲಸ. ಪೆನ್‌ಡ್ರೈವಿನಿಂದಲೇ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಓಡಿಸಿ ತೋರಿಸಿದೆ. ಅರ್ಧ ಗಂಟೆ ಕೂತು ನೋಡಿದರು, ಒಪ್ಪಿದರು. ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿ, ಮಿಂಟ್ ಕೂರಿಸಿ ಕೊಟ್ಟೆ. ಲೈಸೆನ್ಸಿಗೆ ದುಡ್ಡಿಲ್ಲ ಅಂದಾಗ ಮಾತ್ರ ಅನುಮಾನದಿಂದ ನೋಡಿದರು. ಒಂದು ಕಾಲದಲ್ಲಿ ಕದ್ದ ವಿಂಡೋಸ್ ಹಾಕಿ ಕೊಟ್ಟವನು ನಾನೇ ಅಲ್ವಾ, ಅವರ ತಪ್ಪೇನಿಲ್ಲ.

ಹತ್ತು ದಿನಕ್ಕೆ ಫೋನ್ ಬಂತು. ಪ್ರಿಂಟರ್ ಓಡುತ್ತಿಲ್ಲ! ಪ್ರಿಂಟರಿನ ವಿಷಯ ನಾನು ಕೇಳಿರಲೇ ಇಲ್ಲ. ಅವರ ಮನೆಗೇ ಹೋದೆ. ಆ ಮಾಡೆಲಿಗೆ ಲಿನಕ್ಸ್ ಡ್ರೈವರನ್ನೇ ಕಂಪನಿ ಕೊಟ್ಟಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದೆ, ಆಗಲಿಲ್ಲ. ಕೊನೆಗೆ ಅದಕ್ಕೆ ವೈಫೈ ಇದೆ ಅಂತ ನೆನಪಾಗಿ, ಮೇಷ್ಟ್ರ ಆಂಡ್ರಾಯ್ಡ್ ಫೋನಿಗೆ ಕಂಪನಿಯ ಆ್ಯಪ್ ಹಾಕಿದೆ. ಕಾಗದ ಕರಕರ ಅಂತ ಹೊರಗೆ ಬಂತು. ಸುಮ್ನೆ ಇರಲಾರದೆ, ಈ ಆಂಡ್ರಾಯ್ಡಿನ ಹೊಟ್ಟೆಯೊಳಗೂ ಲಿನಕ್ಸೇ ಇರೋದು ಸಾರ್ ಅಂದೆ.

"ಹಾಗಾದ್ರೆ ಇದ್ರಲ್ಲಿ ಬಂದಿದ್ದು ಅದ್ರಲ್ಲಿ ಎಂತಕ್ಕೆ ಬರಲ್ಲ ಮಾರಾಯ?"

ಕರ್ನಲ್, ಅಂದರೆ ಒಳಗಿನ ತಿರುಳು ಒಂದೇ, ಮೇಲಿನದ್ದೆಲ್ಲ ಬೇರೆ ಅಂತ ವಿವರಿಸಲು ಹೊರಟೆ. ಅಷ್ಟರಲ್ಲಿ ಅವರು ಒಳಗೆ ಹೋಗಿ ಕಾಫಿ ತಂದರು.

ಈಗ ಪಕ್ಕದ ಮನೆಯವರಿಗೂ ಅದೇ ಬೇಕಂತೆ. ಟ್ಯಾಲಿ ಇದೆಯಾ, ನುಡಿ ಫೈಲ್ ಇದೆಯಾ ಅಂತ ಕೇಳಿದ್ದೇನೆ. ಪ್ರಿಂಟರಿನ ಫೋಟೋ ತೆಗೆದು ಕಳಿಸಿ ಅಂತಲೂ ಹೇಳಿದ್ದೇನೆ.